ಮಂಜೇಶ್ವರ ಗೋವಿಂದ ಪೈ: ಗಡಿನಾಡಿನ ಚರಿತ್ರೆಯನ್ನು ಮನೆಯಲ್ಲೇ ಕೂಡಿಟ್ಟ ಸಂಶೋಧಕ

ಮಂಜೇಶ್ವರ ಗೋವಿಂದ ಪೈ (23 ಮಾರ್ಚ್ 1883 – 6 ಸೆಪ್ಟೆಂಬರ್ 1963) ಕನ್ನಡದ ಕವಿ, ಬಹುಭಾಷಾ ವಿದ್ವಾಂಸ ಮತ್ತು ತುಳುನಾಡಿನ ಚರಿತ್ರೆಯ ಸಂಶೋಧಕ. 1949ರಲ್ಲಿ ಆಗಿನ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. ಕನ್ನಡದಲ್ಲಿ ಈ ಬಿರುದು ಪಡೆದವರಲ್ಲಿ ಅವರೇ ಮೊದಲಿಗರು. ಕುವೆಂಪು ಅವರಿಗೆ ಈ ಗೌರವ ಬಂದದ್ದು 1964ರಲ್ಲಿ, ಜಿ.ಎಸ್. ಶಿವರುದ್ರಪ್ಪನವರಿಗೆ 2006ರಲ್ಲಿ.

ಶಾಲೆಯ ಪಾಠಪುಸ್ತಕ ಓದಿದ ನಮಗೆಲ್ಲ ಗೋವಿಂದ ಪೈ ಅಂದ ಕೂಡಲೇ ನೆನಪಾಗುವುದು ಕವಿ. ಆದರೆ ಅವರನ್ನು ಬರೇ ಕವಿ ಅಂತ ನೆನಪಿಟ್ಟರೆ ಅರ್ಧ ಮಾತ್ರ ನೆನಪಿಟ್ಟ ಹಾಗೆ. ಅವರ ಬದುಕಿನ ಬಹುದೊಡ್ಡ ಪಾಲು ಹೋದದ್ದು ಶಾಸನ, ಹಳೆಯ ಗ್ರಂಥ, ಪಂಚಾಂಗ, ಸ್ಥಳನಾಮಗಳ ಹಿಂದೆ. ಯಾವ ವಿಶ್ವವಿದ್ಯಾನಿಲಯದ ಕೆಲಸವೂ ಇಲ್ಲದೆ, ಸರಕಾರದ ಸಂಬಳವೂ ಇಲ್ಲದೆ, ಮಂಜೇಶ್ವರದ ಮನೆಯಲ್ಲಿ ಕೂತು ಅವರು ಈ ಕೆಲಸ ಮಾಡಿದರು. ಈ ಲೇಖನ ಮುಖ್ಯವಾಗಿ ಆ ಇನ್ನರ್ಧದ ಬಗ್ಗೆ.

ಹುಟ್ಟು ಮತ್ತು ಓದು

ಗೋವಿಂದ ಪೈಯವರದ್ದು ಕೊಂಕಣಿ ಮನೆಮಾತಿನ ಗೌಡ ಸಾರಸ್ವತ ಬ್ರಾಹ್ಮಣ ಕುಟುಂಬ. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮಂಜೇಶ್ವರ ತಾಯಿಯ ಕಡೆಯ ಊರು. ಶಾಲೆ ಕಲಿತದ್ದು ಮಂಗಳೂರಿನಲ್ಲಿ. ಕನ್ನಡ ಮಕ್ಕಳ ಸಾಹಿತ್ಯಕ್ಕೆ ದಾರಿ ಹಾಕಿಕೊಟ್ಟ ಪಂಜೆ ಮಂಗೇಶರಾಯರು ಅವರ ಗುರುಗಳು.

ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದರು. ಬಿ.ಎ. ಪರೀಕ್ಷೆ ನಡೆಯುತ್ತಿದ್ದ ಕಾಲಕ್ಕೆ ತಂದೆ ತೀರಿಕೊಂಡರು. ಮನೆಗೆ ಹಿರಿಯ ಮಗ. ಪರೀಕ್ಷೆ ಪೂರ್ತಿಯಾಗಲಿಲ್ಲ, ಊರಿಗೆ ಮರಳಬೇಕಾಯಿತು. ಬರೆದ ಇಂಗ್ಲಿಷ್ ಪರೀಕ್ಷೆಯಲ್ಲಿ ಚಿನ್ನದ ಪದಕ ಬಂತು, ಪದವಿ ಮಾತ್ರ ಬರಲಿಲ್ಲ. ಡಿಗ್ರಿ ಇಲ್ಲದ ಈ ಮನುಷ್ಯನ ಬರಹಗಳನ್ನು ಮುಂದೆ ಪದವಿ ಪಡೆದ ವಿದ್ವಾಂಸರು ಎದುರಿಗಿಟ್ಟುಕೊಂಡು ವಾದಿಸುವಂತಾಯಿತು.

ಆಮೇಲಿನ ಬದುಕೆಲ್ಲ ಮಂಜೇಶ್ವರಕ್ಕೆ ಅಂಟಿಕೊಂಡದ್ದು. ಜೀವನಕ್ಕೆ ಕುಟುಂಬದ ಆಸ್ತಿ ಇತ್ತು. ಕಡಲು ಒಂದು ಕಡೆ, ರೈಲು ಹಳಿ ಒಂದು ಕಡೆ ಇರುವ ಈ ಊರಿನಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳಂ ಐದೂ ಭಾಷೆ ಒಂದೇ ಪೇಟೆಯಲ್ಲಿ ಕೇಳಿಸುತ್ತದೆ. ಅನಂತೇಶ್ವರ ದೇವಸ್ಥಾನ, ಬಂಗ್ರ ಮಂಜೇಶ್ವರದ ಜೈನ ಬಸದಿ, ಉದ್ಯಾವರದ ಸಾವಿರ ಜಮಾಅತ್ ಮಸೀದಿ ಎಲ್ಲವೂ ಹತ್ತಿರ ಹತ್ತಿರದಲ್ಲೇ ಇವೆ. ಉದ್ಯಾವರದ ಅರಸು ಮಂಜಿಷ್ಣಾರ್ ಕ್ಷೇತ್ರದ ದೈವದ ಪಾತ್ರಿಗಳು ಉತ್ಸವಕ್ಕೆ ಮುಂಚೆ ಶುಕ್ರವಾರ ಮಸೀದಿಗೆ ಬಂದು ಜಮಾಅತ್‌ನವರನ್ನು ಆಹ್ವಾನಿಸುವ ಪದ್ಧತಿ ಇವತ್ತಿಗೂ ಉಂಟು. ಇಂತಹ ಊರಿನಲ್ಲಿ ಬೆಳೆದವನಿಗೆ ಚರಿತ್ರೆ ಒಂದೇ ಧರ್ಮದ್ದು, ಒಂದೇ ಭಾಷೆಯದ್ದು ಅಂತ ಅನ್ನಿಸುವುದು ಕಷ್ಟ.

ಕವಿಯಾಗಿ

ಹಳೆಗನ್ನಡದ ಕಾಲದಿಂದ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು ಎಂಬ ನಿಯಮವಿತ್ತು. ಇದಕ್ಕೆ ದ್ವಿತೀಯಾಕ್ಷರ ಪ್ರಾಸ ಅಂತ ಹೆಸರು. 1911ರಲ್ಲಿ ಗೋವಿಂದ ಪೈಯವರು ಇದನ್ನು ಬಿಟ್ಟರು. ಆಗ ಅದು ಸಣ್ಣ ಸಂಗತಿಯಾಗಿರಲಿಲ್ಲ. ಪ್ರಾಸ ಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯೇ ನಡೆಯಿತು. ಮುಂದೆ ನವೋದಯದ ಕವಿಗಳು ಸಲೀಸಾಗಿ ನಡೆದ ದಾರಿಯನ್ನು ಮೊದಲು ತೆರೆದವರಲ್ಲಿ ಅವರು ಒಬ್ಬರು.

ಮೊದಲ ಕವನ ಸಂಕಲನ ‘ಗಿಳಿವಿಂಡು’. ಯೇಸುವಿನ ಕೊನೆಯ ದಿನದ ಕುರಿತ ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನಗಳ ಕುರಿತ ‘ವೈಶಾಖಿ’ ಅವರ ಹೆಸರಾದ ಖಂಡಕಾವ್ಯಗಳು. ‘ಹೆಬ್ಬೆರಳು’ ಏಕಲವ್ಯನ ಕುರಿತ ನಾಟಕ. ಜಪಾನಿನ ನೋ ನಾಟಕಗಳನ್ನೂ ಕನ್ನಡಕ್ಕೆ ತಂದರು. ಮುಂಬಯಿಯಲ್ಲಿ ನಡೆದ 34ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ವೈಷ್ಣವ ಮನೆತನದ ಒಬ್ಬ ಕವಿ ಯೇಸು, ಬುದ್ಧ, ಏಕಲವ್ಯ ಈ ಮೂವರನ್ನು ಆರಿಸಿಕೊಂಡದ್ದನ್ನು ಗಮನಿಸಬೇಕು. ಇನ್ನೊಬ್ಬರ ಧರ್ಮದ ಬಗ್ಗೆ ಬರೆಯುವ ಮೊದಲು ಅವರ ಮೂಲಗ್ರಂಥವನ್ನು ಓದಬೇಕು ಎಂಬುದು ಪೈಯವರ ಪದ್ಧತಿ. ಅದೇ ಪದ್ಧತಿ ಅವರನ್ನು ಸಂಶೋಧನೆಯ ಕಡೆಗೂ ಕರೆದೊಯ್ದಿತು.

ಮನೆಯೇ ಗ್ರಂಥಾಲಯ

ಆ ಕಾಲದಲ್ಲಿ ಮಂಜೇಶ್ವರದಂತಹ ಊರಿನಲ್ಲಿ ಸಂಶೋಧಕನಿಗೆ ಬೇಕಾದ ಯಾವ ಸೌಕರ್ಯವೂ ಇರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ದೊಡ್ಡ ಪುಸ್ತಕ ಭಂಡಾರ, ಸರಕಾರಿ ದಾಖಲೆ ಎಲ್ಲ ಇದ್ದದ್ದು ಮದರಾಸಿನಲ್ಲಿ. ಹಾಗಾಗಿ ಪೈಯವರು ಪುಸ್ತಕಗಳನ್ನು ಮನೆಗೇ ತರಿಸಿಕೊಂಡರು. ವರ್ಷಗಳು ಹೋದ ಹಾಗೆ ಆ ಮನೆ ಸಾವಿರಾರು ಪುಸ್ತಕಗಳ ಭಂಡಾರವಾಯಿತು.

ಭಾಷೆಗಳ ವಿಷಯವೂ ಹಾಗೆಯೇ. ಕನ್ನಡ, ತುಳು, ಕೊಂಕಣಿ, ಸಂಸ್ಕೃತ, ಇಂಗ್ಲಿಷ್ ಅಲ್ಲದೆ ಪಾಲಿ, ಬಂಗಾಳಿ, ಗ್ರೀಕ್, ಲ್ಯಾಟಿನ್, ಫ್ರೆಂಚ್ ಮುಂತಾದವನ್ನೂ ಅವರು ಅಭ್ಯಾಸ ಮಾಡಿದರು. ಅವರಿಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆ ಬರುತ್ತಿತ್ತು ಎಂಬ ಮಾತು ಪ್ರಚಲಿತವಾಗಿದೆ. ಸಂಖ್ಯೆಗಿಂತ ಮುಖ್ಯವಾದದ್ದು, ಈ ಕಲಿಕೆಗೆ ಒಂದು ಉದ್ದೇಶವಿತ್ತು ಎಂಬುದು. ಬುದ್ಧನ ಬಗ್ಗೆ ಬರೆಯಲು ಪಾಲಿ ಬೇಕು. ಹಳೆಯ ಗ್ರೀಕ್ ಬರಹಗಳಲ್ಲಿ ನಮ್ಮ ಕರಾವಳಿಯ ಉಲ್ಲೇಖ ಹುಡುಕಲು ಗ್ರೀಕ್ ಬೇಕು. ಅನುವಾದವನ್ನು ನಂಬಿ ಕೂರುವುದಕ್ಕಿಂತ ಮೂಲವನ್ನು ತಾನೇ ನೋಡಬೇಕು ಎಂಬ ಹಟ ಇಲ್ಲದಿದ್ದರೆ ಇಷ್ಟು ಕಷ್ಟ ಯಾರು ಪಡುತ್ತಾರೆ?

ಅವರು ಕೆಲಸ ಮಾಡಿದ ಕಾಲವೂ ಅನುಕೂಲವಾಗಿತ್ತು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು 1886ರಿಂದ ಬರತೊಡಗಿದ್ದವು. ದಕ್ಷಿಣ ಭಾರತದ ಶಾಸನಗಳ ಸಂಪುಟಗಳಲ್ಲಿ ಬಾರ್ಕೂರು, ಮಂಗಳೂರು ಕಡೆಯ ಶಾಸನಗಳೂ ಅಚ್ಚಾಗುತ್ತಿದ್ದವು. 1936ರಲ್ಲಿ ಹಲ್ಮಿಡಿ ಶಾಸನ ಬೆಳಕಿಗೆ ಬಂತು. ಹೊಸ ಶಾಸನ ಒಂದು ಸಿಕ್ಕಿದರೆ ಹಳೆಯ ವಾದ ಬಿದ್ದುಹೋಗುವ ಕಾಲ ಅದು.

ಒಂದು ದಿನಾಂಕದ ಹಿಂದೆ

ಪೈಯವರ ಸಂಶೋಧನೆಯ ಮುಖ್ಯ ಭಾಗ ಕಾಲನಿರ್ಣಯ. ಅಂದರೆ, ಒಬ್ಬ ಕವಿ ಯಾವ ಕಾಲದವನು, ಒಂದು ಘಟನೆ ಯಾವ ದಿನ ನಡೆಯಿತು ಎಂದು ಲೆಕ್ಕ ಹಾಕಿ ನಿಲ್ಲಿಸುವುದು. ಬುದ್ಧ, ಬಸವಣ್ಣ ಮುಂತಾದವರ ಕಾಲದ ಬಗ್ಗೆ, ಕನ್ನಡ ಕವಿಗಳ ಕಾಲದ ಬಗ್ಗೆ ಅವರು ಬರೆದರು. ಇದರಲ್ಲಿ ಹೆಚ್ಚು ಹೆಸರಾದದ್ದು ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಯ ದಿನ.

ಗೊಮ್ಮಟನ ಮೂರ್ತಿಯನ್ನು ಮಾಡಿಸಿದವನು ಗಂಗರ ಮಂತ್ರಿ ಚಾವುಂಡರಾಯ. ಮೂರ್ತಿಯ ಕಾಲಬುಡದ ಬರಹದಲ್ಲಿ ಮಾಡಿಸಿದವನ ಹೆಸರಿದೆ, ದಿನಾಂಕ ಇಲ್ಲ. ಚಾವುಂಡರಾಯನೇ 978ರಲ್ಲಿ ಮುಗಿಸಿದ ‘ಚಾವುಂಡರಾಯ ಪುರಾಣ’ದಲ್ಲಿ ಮೂರ್ತಿಯ ಮಾತೇ ಇಲ್ಲ. ಹಾಗಿದ್ದರೆ ಮೂರ್ತಿ ಆಮೇಲಿನದ್ದು ಎಂದು ಊಹಿಸಬಹುದು. ಬಹಳ ಕಾಲದ ನಂತರದ ಒಂದು ಸಂಸ್ಕೃತ ಗ್ರಂಥದಲ್ಲಿ ಮಾತ್ರ ಪ್ರತಿಷ್ಠೆಯ ದಿನದ ವಿವರ ಇದೆ: ಕಲ್ಕಿ ಶಕೆ, ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ, ಜೊತೆಗೆ ನಕ್ಷತ್ರ, ಲಗ್ನ.

ಈ ವಿವರಗಳನ್ನು ಹಿಡಿದು ಹಲವು ವಿದ್ವಾಂಸರು ಲೆಕ್ಕ ಹಾಕಿದರು. ಒಬ್ಬೊಬ್ಬರಿಗೆ ಒಂದೊಂದು ದಿನ ಬಂತು. ಕೆಲವರ ಲೆಕ್ಕ ಹನ್ನೊಂದನೆಯ ಶತಮಾನಕ್ಕೂ ಹೋಯಿತು. ಗೋವಿಂದ ಪೈಯವರು ನಿಲ್ಲಿಸಿದ ದಿನ 981ರ ಮಾರ್ಚ್ 13. ಇವತ್ತು ಹೆಚ್ಚು ಉಲ್ಲೇಖವಾಗುವುದು ಇದೇ. 1981ರಲ್ಲಿ ಗೊಮ್ಮಟನಿಗೆ ಸಾವಿರ ವರ್ಷ ತುಂಬಿತೆಂದು ನಡೆದ ಮಹಾಮಸ್ತಕಾಭಿಷೇಕಕ್ಕೂ 981ನೇ ಇಸವಿಯೇ ಆಧಾರ. ಆ ಹೊತ್ತಿಗೆ ಪೈಯವರು ತೀರಿಕೊಂಡು 17 ವರ್ಷ ಕಳೆದಿತ್ತು.

ಈ ದಿನಾಂಕ ಅಲ್ಲಾಡದ ಸತ್ಯ ಅಂತ ಅರ್ಥವಲ್ಲ. ಲೆಕ್ಕಕ್ಕೆ ಆಧಾರವಾದ ಗ್ರಂಥವೇ ಘಟನೆಗಿಂತ ಎಷ್ಟೋ ಶತಮಾನ ಈಚಿನದ್ದು. ಗ್ರಂಥಕರ್ತ ಕೊಟ್ಟ ವಿವರ ತಪ್ಪಿದ್ದರೆ ಲೆಕ್ಕ ಎಷ್ಟೇ ಸರಿ ಇದ್ದರೂ ಉತ್ತರ ತಪ್ಪೇ. ಆದರೆ ಪೈಯವರ ಕ್ರಮದಲ್ಲಿ ಒಂದು ಗುಣವಿದೆ: ಅವರು ಏನನ್ನು ಆಧಾರವಾಗಿಟ್ಟುಕೊಂಡರು, ಹೇಗೆ ಲೆಕ್ಕ ಹಾಕಿದರು ಎಂಬುದು ಓದುಗನ ಮುಂದೆ ಇರುತ್ತದೆ. ಬೇರೆಯವರು ಅದನ್ನು ಪರೀಕ್ಷಿಸಬಹುದು, ತಪ್ಪು ಅಂತಲೂ ಹೇಳಬಹುದು.

ಈಜಿಪ್ಟಿನ ಕಾಗದದಲ್ಲಿ ಕರಾವಳಿಯ ಮಾತು?

ಪೈಯವರು ತೊಡಗಿಕೊಂಡ ಇನ್ನೊಂದು ಚರ್ಚೆ ಗ್ರೀಕ್ ಪ್ರಹಸನದ್ದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೆಯ ಕಸದ ರಾಶಿ ಅಗೆದಾಗ ಪಪೈರಸ್ ಹಾಳೆಗಳು ಸಿಕ್ಕಿದವು. ಅವುಗಳಲ್ಲಿ ಒಂದು ನಾಟಕ 1903ರಲ್ಲಿ ಅಚ್ಚಾಯಿತು. ಹಿಂದೂಮಹಾಸಾಗರದ ತೀರದ ಒಬ್ಬ ರಾಜನ ಕೈಗೆ ಸಿಕ್ಕಿಬಿದ್ದ ಖಾರಿಷನ್ ಎಂಬ ಗ್ರೀಕ್ ಹೆಣ್ಣುಮಗಳನ್ನು ಅವಳ ಕಡೆಯವರು ಬಂದು, ರಾಜನಿಗೂ ಅವನ ಜನರಿಗೂ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ರಾಜ ಮತ್ತು ಅವನ ಕಡೆಯವರು ಗ್ರೀಕ್ ಅಲ್ಲದ ಯಾವುದೋ ಭಾಷೆ ಮಾತಾಡುತ್ತಾರೆ.

ಆ ಮಾತು ಕನ್ನಡ ಎಂದು ಜರ್ಮನ್ ಶಾಸನತಜ್ಞ ಇ. ಹುಲ್ಟ್ಶ್ 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಬಿ.ಎ. ಸಾಲೆತೊರೆ, ಗೋವಿಂದ ಪೈ ಇವರೆಲ್ಲ ಈ ಚರ್ಚೆ ಮುಂದುವರಿಸಿದರು. ಅದು ತುಳು ಎಂಬ ವಾದವನ್ನು ಆಮೇಲೆ ಯು.ಪಿ. ಉಪಾಧ್ಯಾಯ ಮುಂತಾದವರು ಮುಂದಿಟ್ಟರು. ಇದು ಯಾವ ಭಾಷೆಯೂ ಅಲ್ಲ, ಪ್ರೇಕ್ಷಕರನ್ನು ನಗಿಸಲು ಬರೆದ ಬರೇ ಶಬ್ದ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಆದರೆ ಗ್ರೀಕ್ ಕಲಿತ ಒಬ್ಬ ಮಂಜೇಶ್ವರದವರು ಈ ಚರ್ಚೆಯಲ್ಲಿ ಇದ್ದರು ಎಂಬುದೇ ಗಮನಿಸಬೇಕಾದ ವಿಷಯ. ಕರಾವಳಿಯ ಮಾತು, ಸ್ಥಳನಾಮ ಗೊತ್ತಿರುವವನು ಅಲ್ಲಿ ಕೂತಿರದಿದ್ದರೆ ಇಂತಹ ಪ್ರಶ್ನೆಗೆ ಅರ್ಧ ಉತ್ತರವೇ ಸಿಗುತ್ತದೆ.

ತುಳುನಾಡಿನ ಚರಿತ್ರೆಕಾರರ ಸಾಲಿನಲ್ಲಿ

ತುಳುನಾಡಿನ ಚರಿತ್ರೆ ಬರೆದವರು ಪೈಯವರೊಬ್ಬರೇ ಅಲ್ಲ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಊರು, ಬೆಳೆ, ಜಾತಿ, ಗೇಣಿಯ ವಿವರ ಬರೆದಿಟ್ಟ. ಬ್ರಿಟಿಷ್ ಅಧಿಕಾರಿ ಸ್ಟರಾಕ್ ಜಿಲ್ಲೆಯ ಕೈಪಿಡಿಯನ್ನು 1894ರಲ್ಲಿ ತಂದ. ಇವು ಆಡಳಿತದ ಅಗತ್ಯಕ್ಕೆ ಬರೆದ ಪುಸ್ತಕಗಳು. ಊರಿನವರೇ ಬರೆದ ಚರಿತ್ರೆ ಅಂದರೆ ಮೊದಲು ನೆನಪಾಗುವುದು ಎಂ. ಗಣಪತಿ ರಾವ್ ಐಗಳ್ ಅವರ ‘ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ’ (1923). 1936ರಲ್ಲಿ ಸಾಲೆತೊರೆಯವರ ತುಳುವ ಇತಿಹಾಸ ಇಂಗ್ಲಿಷಿನಲ್ಲಿ ಬಂತು. 1970ರಲ್ಲಿ ಕೆ.ವಿ. ರಮೇಶ್ ಶಾಸನಗಳ ಆಧಾರದ ಮೇಲೆ ದಕ್ಷಿಣ ಕನ್ನಡದ ಚರಿತ್ರೆ ಬರೆದರು. 1975ರಲ್ಲಿ ಪಾದೂರು ಗುರುರಾಜ ಭಟ್ಟರು ಊರೂರು ತಿರುಗಿ ಮಾಡಿದ ಕೆಲಸ ದೊಡ್ಡ ಗ್ರಂಥವಾಯಿತು.

ಐಗಳ್, ಸಾಲೆತೊರೆ ಮತ್ತು ಪೈಯವರ ಕಾಲದಲ್ಲಿ ಐತಿಹ್ಯ ಮತ್ತು ದಾಖಲೆ ಬೆರೆತುಹೋಗಿದ್ದವು. ಬಾರ್ಕೂರಿನ ಭೂತಾಳ ಪಾಂಡ್ಯ, ಪರಶುರಾಮ ಸೃಷ್ಟಿ ಇಂತಹ ಕಥೆಗಳನ್ನು ಚರಿತ್ರೆ ಎಂದೇ ಬರೆಯುವವರಿದ್ದರು. ಇನ್ನೊಂದು ಕಡೆ ಕದ್ರಿಯ ಲೋಕೇಶ್ವರ ಮೂರ್ತಿಯ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನ ಇದೆ, ಅದಕ್ಕೆ 968ರ ಕಾಲವೂ ಇದೆ. ಐತಿಹ್ಯವನ್ನು ಎಸೆಯಬೇಕಾಗಿಲ್ಲ, ಜನ ಏನು ನಂಬಿದ್ದರು ಎಂದು ಅದು ಹೇಳುತ್ತದೆ. ಆದರೆ ಏನು ನಡೆಯಿತು ಎನ್ನುವುದಕ್ಕೆ ಕಲ್ಲು, ತಾಮ್ರ, ಓಲೆ, ಕಾಗದ ಬೇಕು. ಈ ಎರಡನ್ನು ಬೇರ್ಪಡಿಸಿ ನೋಡುವ ಅಭ್ಯಾಸವನ್ನು ಕರಾವಳಿಗೆ ತಂದವರಲ್ಲಿ ಪೈಯವರ ತಲೆಮಾರು ಮುಖ್ಯ. ಅವರ ಬಿಡಿ ಬರಹಗಳು ‘ಗೋವಿಂದ ಪೈ ಸಂಶೋಧನ ಸಂಪುಟ’ವಾಗಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಒಟ್ಟಾದವು.

ಬ್ಯಾರಿಗಳ ಚರಿತ್ರೆಗೆ ಇದರಿಂದ ಏನು?

ಕರಾವಳಿಯ ಮುಸ್ಲಿಮರ ಚರಿತ್ರೆಯಲ್ಲೂ ಇದೇ ಪ್ರಶ್ನೆ ಉಂಟು. ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಹಿಜರಿ 22ರಲ್ಲಿ ಆದದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹದಿನಾರನೆಯ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಅರಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ನಲ್ಲಿ ಮಾಲಿಕ್ ಬಿನ್ ದೀನಾರ್ ಸಂಗಡಿಗರು ಕಟ್ಟಿಸಿದ ಮಸೀದಿಗಳ ಪಟ್ಟಿ ಇದೆ. ಕೊಡುಂಗಲ್ಲೂರು, ಕೊಲ್ಲಂ ಜೊತೆಗೆ ಬಾರ್ಕೂರು, ಮಂಗಳೂರು, ಕಾಸರಗೋಡು ಕೂಡ ಆ ಪಟ್ಟಿಯಲ್ಲಿವೆ. ಅದೇ ಪುಸ್ತಕದಲ್ಲಿ ಮಖ್ದೂಮರು ಇನ್ನೊಂದು ಮಾತನ್ನೂ ಹೇಳುತ್ತಾರೆ: ಇದು ಯಾವಾಗ ನಡೆಯಿತೆಂದು ಖಚಿತವಾಗಿ ಗೊತ್ತಿಲ್ಲ, ಹಿಜರಿ 200ರ ನಂತರ ಇರಬಹುದು ಎಂದು. ನಾನೂರು ವರ್ಷಕ್ಕೂ ಹಿಂದೆ ಒಬ್ಬ ದೊಡ್ಡ ಆಲಿಮರು ನಂಬಿಕೆಗೆ ಗೌರವ ಕೊಡುತ್ತಲೇ ಕಾಲದ ಬಗ್ಗೆ ಪ್ರಶ್ನೆ ಎತ್ತಿದ್ದರು. ಕಾಲನಿರ್ಣಯ ಎಂಬುದು ನಮಗೆ ಹೊರಗಿನಿಂದ ಬಂದ ವಿದ್ಯೆ ಅಲ್ಲ.

ದಾಖಲೆ ಎಲ್ಲೆಲ್ಲಿ ಉಳಿದಿದೆ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ 17 ವರ್ಷದಷ್ಟು ಕಾಲ ಇದ್ದ. ಅರಬ್ ನಾಡಿನ ಜೊತೆ ನಮ್ಮ ಬಂದರಿನ ವ್ಯಾಪಾರ ಹೇಗಿತ್ತು ಎಂದು ಅವನ ಪತ್ರಗಳಿಂದ ತಿಳಿಯುತ್ತದೆ. ಆ ಪತ್ರಗಳು ಸಿಕ್ಕಿದ್ದು ಮಂಗಳೂರಿನಲ್ಲಿ ಅಲ್ಲ, ಕೈರೋದ ಒಂದು ಸಿನಗಾಗ್‌ನಲ್ಲಿ. ದೇವರ ಹೆಸರು ಇರುವ ಕಾಗದವನ್ನು ಎಸೆಯಬಾರದು ಎಂದು ಅಲ್ಲಿನವರು ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು, ಅದರಿಂದಾಗಿ ಉಳಿದವು. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನು ಬತೂತ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರು, ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಮದ್ರಸಗಳಿದ್ದವು ಎಂದು ಬರೆದ. ಅದು ನಮಗೆ ಗೊತ್ತಾದದ್ದು ಮೊರಾಕ್ಕೊದ ಒಬ್ಬ ಪ್ರವಾಸಿಯಿಂದ.

ಬೆನ್ ಯಿಜುವಿನ ಆಳಿನ ಹೆಸರು ಪತ್ರಗಳಲ್ಲಿ ಬರೇ ವ್ಯಂಜನಗಳಲ್ಲಿ ಇತ್ತು. ಅಮಿತಾವ್ ಘೋಷ್ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ (1992) ಬರೆಯುವಾಗ ಅದನ್ನು ಓದುವ ದಾರಿ ತೋರಿಸಿದವರು ತುಳು ಜಾನಪದ ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ. ಅದು ತುಳುವರ ಬೆರ್ಮೆರ್ ಹೆಸರಿನಿಂದ ಬಂದ ಬೊಮ್ಮ ಎಂದು ಅವರು ಗುರುತಿಸಿದರು. ಕೈರೋದ ಕಾಗದ ಇಂಗ್ಲೆಂಡಿನ ಗ್ರಂಥಾಲಯದಲ್ಲಿದ್ದರೂ, ಅದರ ಒಂದು ಹೆಸರು ಬಿಡಿಸಲು ಮಂಗಳೂರಿನ ವಿದ್ವಾಂಸರೇ ಬೇಕಾಯಿತು. ಗೋವಿಂದ ಪೈಯವರು ನಡೆದದ್ದೂ ಇದೇ ದಾರಿಯಲ್ಲಿ.

ನಮ್ಮವರ ಕೆಲಸವೂ ಇಲ್ಲ ಅಂತಲ್ಲ. ಎ. ವಹಾಬ್ ದೊಡ್ಡಮನೆಯವರು ದಕ್ಷಿಣ ಕನ್ನಡದ ಮುಸ್ಲಿಮರ ಬಗ್ಗೆ 1993ರಲ್ಲಿ ಪುಸ್ತಕ ತಂದರು. ಪ್ರೊ. ಬಿ.ಎಂ. ಇಚ್ಲಂಗೋಡು ಅವರು ಬ್ಯಾರಿಗಳ ಚರಿತ್ರೆಯ ಕುರಿತು ಬರೆದಿದ್ದಾರೆ. ಇಚ್ಲಂಗೋಡು ಇರುವುದು ಪೈಯವರ ಮಂಜೇಶ್ವರ ತಾಲೂಕಿನಲ್ಲೇ. 2007ರಲ್ಲಿ ಕರ್ನಾಟಕ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿತು. ಆದರೆ ಈ ಚರಿತ್ರೆಗೆ ಬೇಕಾದ ಮೂಲ ಕಾಗದ ಇನ್ನೂ ಮನೆ ಮನೆಯ ಪೆಟ್ಟಿಗೆಯಲ್ಲಿ, ಮಸೀದಿಯ ಕಪಾಟಿನಲ್ಲಿ ಇದೆ.

1956: ಊರು ಅಲ್ಲೇ, ರಾಜ್ಯ ಬೇರೆ

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಆದಾಗ ದಕ್ಷಿಣ ಕನ್ನಡ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ ಬಂತು, ಅದರ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರ ಆ ತಾಲೂಕಿನಲ್ಲಿತ್ತು. ಗೋವಿಂದ ಪೈಯವರ ಮನೆ ಅಲ್ಲೇ ಇತ್ತು. ಅವರು ಇದ್ದ ರಾಜ್ಯ ಮಾತ್ರ ಬದಲಾಯಿತು. ಕನ್ನಡದ ಮೊದಲ ರಾಷ್ಟ್ರಕವಿ ಬದುಕಿನ ಕೊನೆಯ ಏಳು ವರ್ಷ ಕರ್ನಾಟಕದ ಹೊರಗಿನವರಾಗಿ ಕಳೆದರು. ಇದು ಅವರಿಗೆ ಬಹಳ ನೋವು ಕೊಟ್ಟ ವಿಷಯ. ಕಾಸರಗೋಡು ಕನ್ನಡನಾಡಿಗೆ ಸೇರಬೇಕು ಎಂಬ ಹೋರಾಟವನ್ನು ಅವರ ಆಪ್ತರಾದ ಕಯ್ಯಾರ ಕಿಞ್ಞಣ್ಣ ರೈ (1915–2015) ಮುಂತಾದವರು ನಡೆಸಿದರು. ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಪೈಯವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಗಡಿ ಬದಲಾದಾಗ ದಾಖಲೆಗಳ ಪಾಡೂ ಬದಲಾಗುತ್ತದೆ. ಕಾಸರಗೋಡಿನ ಒಂದು ಊರಿನ ಚರಿತ್ರೆ ಬರೆಯಬೇಕಾದರೆ ಇವತ್ತು ಎಲ್ಲಿ ಹುಡುಕಬೇಕು? ಮದರಾಸು ಪ್ರಾಂತ್ಯದ ಕಾಲದ ಕಾಗದಕ್ಕೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಹಳೆಯ ಜಿಲ್ಲಾ ಕೇಂದ್ರ ಮಂಗಳೂರು. 1956ರ ನಂತರದ್ದಕ್ಕೆ ಕೇರಳದ ಕಚೇರಿಗಳು. ಹಳೆಯ ಅಡಂಗಲ್, ಮೂಲಗೇಣಿ ಚೀಟು, ಕ್ರಯಪತ್ರ ಕನ್ನಡದಲ್ಲಿ. ಹೊಸ ಕಾಗದ ಮಲಯಾಳಂನಲ್ಲಿ. ಮನೆಯಲ್ಲಿ ಅಜ್ಜನ ಕಾಗದ ಇದ್ದರೂ ಮೊಮ್ಮಗನಿಗೆ ಅದರ ಲಿಪಿ ಓದಲು ಬರುವುದಿಲ್ಲ. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದರ ಹಿಂದೆ ಈ ಭಯವೂ ಇತ್ತು. ಮಲಯಾಳಂ ಕಲಿಯುವುದು ಬೇಡ ಅಂತ ಅಲ್ಲ. ಕನ್ನಡ ಓದುವವರು ಇಲ್ಲದೆ ಹೋದರೆ ಈ ನಾಡಿನ ನೂರಾರು ವರ್ಷದ ಕಾಗದ ಓದುವವರೂ ಇರುವುದಿಲ್ಲ.

ಪುಸ್ತಕಗಳು ಎಲ್ಲಿಗೆ ಹೋದವು?

ಒಬ್ಬ ವ್ಯಕ್ತಿ ಕೂಡಿಟ್ಟ ಗ್ರಂಥಾಲಯ ಆ ವ್ಯಕ್ತಿಯ ನಂತರ ಉಳಿಯುವುದು ಅಪರೂಪ. ಗೆದ್ದಲು, ಮಳೆಗಾಲದ ತೇವ, ಮನೆ ಪಾಲಾಗುವುದು, ಗುಜರಿಗೆ ಹಾಕುವುದು, ಹೀಗೆ ಹಾಳಾಗಲು ನಾಲ್ಕಾರು ದಾರಿ. ಗೋವಿಂದ ಪೈಯವರ ಪುಸ್ತಕಗಳಿಗೆ ಆ ಗತಿ ಬರಲಿಲ್ಲ. ಅವು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಹೋದವು. ಪ್ರೊ. ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ಅಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಬೆಳೆಯಿತು.

ಮುಂದೆ ಆ ಕೇಂದ್ರದಿಂದ ಬಂದ ದೊಡ್ಡ ಕೆಲಸ ತುಳು ನಿಘಂಟು. 1979ರಲ್ಲಿ ಶುರುವಾದ ಈ ಯೋಜನೆಗೆ ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. 1988ರಿಂದ 1997ರ ತನಕ ಆರು ಸಂಪುಟಗಳು ಹೊರಬಂದವು. ತುಳುವಿನ ಬೇರೆ ಬೇರೆ ಊರಿನ, ಬೇರೆ ಬೇರೆ ಸಮುದಾಯದ ಮಾತನ್ನು ಅದು ದಾಖಲಿಸಿತು. ಒಬ್ಬರ ಪುಸ್ತಕ ಸಂಗ್ರಹ ಸರಿಯಾದ ಕೈಗೆ ಸೇರಿದರೆ ಅದರ ಸುತ್ತ ಒಂದು ಸಂಸ್ಥೆ ನಿಲ್ಲಬಹುದು ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಇರುವ ಸಾಕ್ಷಿ ಇದು.

ಮಂಜೇಶ್ವರದಲ್ಲಿ ಅವರ ಹೆಸರಿನ ಸರಕಾರಿ ಕಾಲೇಜು ಇದೆ. ಅದು ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಅವರ ಮನೆ ‘ಗಿಳಿವಿಂಡು’ ಎಂಬ ಹೆಸರಿನಲ್ಲಿ ಸ್ಮಾರಕವಾಗಿದೆ. ಕೇರಳ ಮತ್ತು ಕರ್ನಾಟಕ ಎರಡೂ ಕಡೆಯವರು ಅದಕ್ಕೆ ಕೈಜೋಡಿಸಿದ್ದಾರೆ. ಒಂದು ವಿಷಯ ಮಾತ್ರ ಮನಸ್ಸಿನಲ್ಲಿರಬೇಕು: ಮನೆ ಮಂಜೇಶ್ವರದಲ್ಲಿ ಉಳಿಯಿತು, ಪುಸ್ತಕ ಉಡುಪಿಯಲ್ಲಿ ಉಳಿಯಿತು. ಗಡಿನಾಡಿನ ಸಂಶೋಧಕನ ಸೊತ್ತು ಉಳಿಯಬೇಕಾದರೂ ಗಡಿ ದಾಟಬೇಕಾಯಿತು.

ಇವತ್ತಿಗೆ ಯಾಕೆ ಮುಖ್ಯ

2025ರ ವಕ್ಫ್ ತಿದ್ದುಪಡಿ ಕಾಯ್ದೆಯ ನಂತರ ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಉಮೀದ್ ಪೋರ್ಟಲಿಗೆ ಹಾಕಬೇಕು ಎಂದಾಯಿತು. ಹಳೆಯ ಕಾಗದದ ಬೆಲೆ ಏನು ಎಂದು ಜಮಾಅತ್ ಕಮಿಟಿಗಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ದಾನ ಕೊಟ್ಟವರು ಯಾರು, ಯಾವ ವರ್ಷ, ಎಷ್ಟು ಜಾಗ, ಗಡಿ ಎಲ್ಲಿ, ಎಲ್ಲದಕ್ಕೂ ಕಾಗದ ಬೇಕು. ಊರಿಗೆಲ್ಲ ಗೊತ್ತುಂಟು ಎಂಬ ಮಾತು ಕಚೇರಿಯಲ್ಲಿ ನಡೆಯುವುದಿಲ್ಲ.

ಆಸ್ತಿಯ ವಿಷಯದಲ್ಲಿ ಕಂಡ ಈ ಸತ್ಯ ಚರಿತ್ರೆಗೂ ಅನ್ವಯಿಸುತ್ತದೆ. ಮಸೀದಿಯ ಹಳೆಯ ಲೆಕ್ಕದ ಪುಸ್ತಕ, ನಿಕಾಹ್ ದಫ್ತರು, ಅರಬಿ-ಮಲಯಾಳಂ ಲಿಪಿಯ ಕಿತಾಬು, ಮಾಲೆಪಾಟ್ಟಿನ ಪ್ರತಿ, ಕೊಲಂಬೊ-ರಂಗೂನಿಗೆ ಹೋದ ಅಜ್ಜಂದಿರ ಕಾಗದ, ದಫನ್ ಭೂಮಿಯ ಮೀಸಾನ್ ಕಲ್ಲಿನ ಮೇಲಿನ ಬರಹ, ಇವೆಲ್ಲ ಬ್ಯಾರಿಗಳ ಚರಿತ್ರೆಯ ದಾಖಲೆಗಳೇ. ಮಸೀದಿ ಹೊಸದಾಗಿ ಕಟ್ಟುವಾಗ, ಮನೆ ಪಾಲಾಗುವಾಗ ಮೊದಲು ಹೊರಗೆ ಹೋಗುವುದೂ ಇವೇ.

ಗೋವಿಂದ ಪೈಯವರಿಗೆ ಇದ್ದ ಆಸ್ತಿ, ಭಾಷಾಜ್ಞಾನ ಎಲ್ಲರಿಗೂ ಇರುವುದಿಲ್ಲ. ಆದರೆ ಅವರ ಕೆಲಸದ ಮೊದಲ ಹೆಜ್ಜೆ ಯಾರಿಗೂ ಆಗದ್ದಲ್ಲ: ಸಿಕ್ಕಿದ ಕಾಗದವನ್ನು ಎಸೆಯದೆ ಇಡುವುದು, ಅದರಲ್ಲಿ ದಿನಾಂಕ ಇದೆಯೇ ನೋಡುವುದು, ಎಲ್ಲಿಂದ ಯಾರಿಂದ ಸಿಕ್ಕಿತು ಎಂದು ಬರೆದಿಡುವುದು. ಈಗ ಮೊಬೈಲಿನಲ್ಲಿ ಪುಟ ಪುಟದ ಫೋಟೊ ತೆಗೆದಿಡಲು ಒಂದು ಜಮಾಅತ್‌ನ ನಾಲ್ಕು ಮಕ್ಕಳು ಸಾಕು. ಅರಬಿ-ಮಲಯಾಳಂ ಓದಲು ಬರುವ ಹಿರಿಯ ಉಸ್ತಾದರು ಇರುವಾಗಲೇ ಅವರನ್ನು ಕೂರಿಸಿ ಓದಿಸಬೇಕು. ಆಮೇಲೆ ಅದನ್ನು ಒಂದು ಕಾಲೇಜಿಗೋ ಅಕಾಡೆಮಿಗೋ ತಲುಪಿಸಬೇಕು, ಯಾಕೆಂದರೆ ಒಬ್ಬರ ಮನೆಯಲ್ಲಿ ಉಳಿದದ್ದು ಆ ಒಬ್ಬರ ಕಾಲಕ್ಕೆ ಮುಗಿಯುತ್ತದೆ.

ಬೆನ್ ಯಿಜುವಿನ ಕಾಗದ ಉಳಿದದ್ದು ಕೈರೋದವರು ಕಾಗದ ಎಸೆಯದೆ ಇದ್ದುದರಿಂದ. ಗೋವಿಂದ ಪೈಯವರ ಪುಸ್ತಕ ಉಳಿದದ್ದು ಉಡುಪಿಯವರು ಎತ್ತಿಕೊಂಡದ್ದರಿಂದ. ನಮ್ಮ ಮಸೀದಿಯ ಕಪಾಟಿನಲ್ಲಿ ಇರುವುದನ್ನು ಈ ಮಳೆಗಾಲಕ್ಕೆ ಮುಂಚೆ ತೆರೆದು ನೋಡುವವರು ಯಾರು ಎಂಬುದು ಆಯಾ ಜಮಾಅತಿಗೆ ಬಿಟ್ಟದ್ದು.